ನಡಾವಳಿ ಪುಸ್ತಕ

ತಿಂಗಳ ಎರಡನೇ ಶನಿವಾರ, ಮೂರು ಗಂಟೆಗೆ,
ದಾವಣಗೆರೆಯ ಮುಚ್ಚಿದ ಮಿಲ್ಲೊಂದರ ಕ್ಯಾಂಟೀನಿನಲ್ಲಿ
ನಮ್ಮ ಕೌದಿ ಕೂಟ.
ಕಾರ್ಯದರ್ಶಿ ನಾನು. ಅಕ್ಷರ ದುಂಡಗಿದೆ ಅಂತ ಮಾಡಿದರು,
ಹೊಲಿಗೆ ಡೊಂಕು ಅನ್ನುವುದನ್ನು
ಯಾರೂ ಬಾಯಿಬಿಟ್ಟು ಹೇಳಲಿಲ್ಲ.

ಬಂದ ಅತಿಥಿಗೆ ಒಂದು ಟವೆಲು, ಒಂದು ತೆಂಗಿನಕಾಯಿ,
ಹೋಗಿಬರುವ ಆಟೋ ಬಾಡಿಗೆ.
ಮಾತು ಹಿಡಿಸಿದರೆ ಮಂಡಕ್ಕಿ ಜೊತೆ ಎರಡು ಮೆಣಸಿನಕಾಯಿ,
ಇಲ್ಲದಿದ್ದರೆ ಒಂದು.

ಜನವರಿಯಲ್ಲಿ ಕಣ್ಣಿನ ಡಾಕ್ಟರು
ಗೋಡೆಗೆ ಅಕ್ಷರದ ಪಟ ತೂಗುಹಾಕಿದರು.
ಹಾಲಮ್ಮ ಎದ್ದಳು: "ಪಟ ಯಾಕ್ರೀ,
ಸಣ್ಣ ಸೂಜಿಗೆ ದಾರ ಪೋಣಿಸೋಕೆ ಹೇಳ್ರಿ,
ಯಾರಿಗೆ ಕನ್ನಡಕ ಬೇಕು ಅಂತ ಕೂತಲ್ಲೇ ಗೊತ್ತಾಗ್ತೈತಿ."
ಮೊದಲು ಸೋತವರು ಡಾಕ್ಟರೇ.
ಇದನ್ನು ಪುಸ್ತಕದಲ್ಲಿ ಬರೆದಿಲ್ಲ.

ಫೆಬ್ರವರಿಯ ಪ್ರೊಫೆಸರು ಸ್ಕೇಲು ಹಿಡಿದು
ಅಂಗುಲಕ್ಕೆ ಎಷ್ಟು ಹೊಲಿಗೆ ಅಂತ ಎಣಿಸಿದರು.
ಕಡೆಯ ಮೂಲೆ ಮುಚ್ಚುವ ಮುಂಚೆ
ಒಳಗೊಂದು ತುತ್ತು ಅನ್ನ ಯಾಕೆ ಅಂದರು.
"ಹಸಿದ ಕೌದಿ ಹೊದ್ದರೆ ನಿದ್ದೆ ಹತ್ತಲ್ಲ"
ಅಂದಳು ಗಂಗೂಬಾಯಿ.
ಎರಡು ಸಲ ಹೇಳಿಸಿ ಬರೆದುಕೊಂಡರು.
ಮೆಣಸಿನಕಾಯಿ ಒಂದೇ.

ಮಾರ್ಚಿಗೆ ಬ್ಯಾಂಕಿನವರು ಬರಲೇ ಇಲ್ಲ.
ಅವತ್ತು ಎಲ್ಲಕ್ಕಿಂತ ಹೆಚ್ಚು ಹೊಲಿದೆವು.

ಏಪ್ರಿಲ್‌ಗೆ ಜಾಬರ್ ಮುರಿಗೆಪ್ಪ.
ಇದೇ ಕ್ಯಾಂಟೀನಿನಲ್ಲಿ ನಿಂತೇ ಚಾ ಕುಡಿದು
ಸೈರನ್ನಿಗೆ ಓಡಿದ ಮನುಷ್ಯ.
ಮಗ್ಗ ತಿಂದ ಕಿವಿ, ಮೈಕೇ ಬೇಡದ ಗಂಟಲು.
ಕೌದಿಗಳನ್ನು ಮಗುಚಿ ಮೊದಲು ಬೆನ್ನು ನೋಡಿದರು.
"ಬಟ್ಟೆ ಸುಳ್ಳು ಹೇಳತೈತಿ, ಬೂದಿ ಹೇಳಂಗಿಲ್ಲ"
ಅಂತ ಒಂದೆಳೆ ಕಿತ್ತು ಕಡ್ಡಿ ಗೀರಿದರು:
ಕಾಗದ ಸುಟ್ಟ ವಾಸನೆ, ಹತ್ತಿ.
ಕೂದಲು ಸುಟ್ಟಂತೆ ನಾರಿದರೆ ರೇಷ್ಮೆ.
ಕರಗಿ ಕರಿಮಣಿ ಕಟ್ಟಿದರೆ ಪಾಲಿಯೆಸ್ಟರು.

ಪೋಲಿಯೋ ಹನಿಗೆ ಕೂಸು ತಂದಂತೆ
ಕೌದಿ ಎತ್ತಿಕೊಂಡು ಸಾಲುಗಟ್ಟಿದರು ಎಲ್ಲ.
ಶಂಷಾದ್‌ಬೀಯ ಅಜ್ಜನ ಲುಂಗಿ ಹತ್ತಿ.
ಹಾಲಮ್ಮನ ಗಂಡನ ಸಫಾರಿ ಕರಿಮಣಿ,
"ಅವರೂ ಹಂಗೇ ಇದ್ರು ಬಿಡ್ರಿ" ಅಂದು ಅವಳೇ ನಕ್ಕಳು.

ಆಮೇಲೆ ಕೊಟ್ರಮ್ಮ.
ಕೌದಿಯ ನಡುಮಧ್ಯೆ ಅಂಗೈಯಗಲ ಹಸಿರು ತುಂಡು:
ಅವ್ವನ ಧಾರೆ ಸೀರೆ, ಅಪ್ಪ
ಮೂರು ತಿಂಗಳ ಪಗಾರ ಕೂಡಿಸಿ ತಂದ ರೇಷ್ಮೆ.
ಪ್ರತಿ ಶನಿವಾರ ಕೇಳಿದ ಕಥೆ, ನಮಗೆಲ್ಲ ಬಾಯಿಪಾಠ.
ಎಳೆ ಕಿತ್ತರು. ಕಡ್ಡಿ ಗೀರಿದರು.

ಕಾಗದದ ವಾಸನೆ.

ಮೂವತ್ತು ಮೂಗುಗಳು, ಆಗಷ್ಟೇ ಪಾಠ ಕಲಿತವು.
ಫ್ಯಾನು ಮಾತ್ರ ತಿರುಗುತ್ತಿತ್ತು.
ಮುರಿಗೆಪ್ಪ ನನ್ನ ಕಡೆ ತಿರುಗಿ ಗದರಿಸಿದರು:
"ಕಿಡಿ ಬಿದ್ದೈತಿ ನೋಡವ್ವ ನಿನ್ನ ಪುಸ್ತಕಕ್ಕೆ!
ಅದರ ವಾಸನೆ ಹೊಡೀತೈತಿ. ಇದು ರೇಷ್ಮೆ."
ನೋಡಿದೆ. ಹಾಳೆ ಸುಟ್ಟಿರಲಿಲ್ಲ.
"ಹೌದ್ರೀ" ಅಂದು ಪುಸ್ತಕ ಮುಚ್ಚಿದೆ.
"ನಾನಾಗಲೇ ಅಂದ್ಕಂಡೆ" ಅಂದಳು ಗಂಗೂಬಾಯಿ.
"ಕೂದಲ ವಾಸನೆನೂ ಬಂತಲ್ಲ" ಅಂದಳು ಶಂಷಾದ್‌ಬೀ.
ಮುರಿಗೆಪ್ಪನ ತಟ್ಟೆಗೆ ಮೂರು ಮೆಣಸಿನಕಾಯಿ ಬಿದ್ದವು,
ಕೂಟದ ಚರಿತ್ರೆಯಲ್ಲೇ ಮೊದಲ ಸಲ.

ಮನೆಗೆ ಬಂದು ಬರೆದೆ: ಕೊಟ್ರಮ್ಮನವರ ತುಂಡು, ರೇಷ್ಮೆ.
ಖರ್ಚು: ಬೆಂಕಿಪೊಟ್ಟಣ ಒಂದು, ಎರಡು ರೂಪಾಯಿ.
ದೇವರ ಮುಂದಿನ ಊದಿನಕಡ್ಡಿ ಇನ್ನೂ ಉರಿಯುತ್ತಿತ್ತು.
ಏಪ್ರಿಲ್ ಹಾಳೆಯ ಅಂಚಿಗೆ
ಅದರ ತುದಿ ಮುಟ್ಟಿಸಿದೆ.

ಮೇ ತಿಂಗಳು. ನಡಾವಳಿ ಓದಿದೆ, ಎಲ್ಲರೂ ಒಪ್ಪಿದರು.
ಸಹಿಗೆ ಬಂದ ಕೊಟ್ರಮ್ಮ
ಪೆನ್ನು ಹಿಡಿದೇ ಹಾಳೆ ಹಿಂದಕ್ಕೆ ತಿರುವಿದಳು,
ತೂತಿನ ಮೇಲೆ ಕಿರುಬೆರಳಿಟ್ಟಳು, ಸವರಿದಳು.
"ಕಿಡಿ ಬಿದ್ದದ್ದು," ಅಂದಳು,
"ಥೇಟ್ ನಿನ್ನ ಅಕ್ಷರದಂಗೆ ದುಂಡಗೈತಲ್ಲೇ."

ಸಹಿ ಹಾಕಿದಳು.
ಜೂನ್‌ಗೆ ಹೊಲಿಗೆ ಯಂತ್ರ ರಿಪೇರಿಯವನನ್ನು
ಕರೆಸುವುದೆಂದು ತೀರ್ಮಾನವಾಯಿತು.